ಕಿವಿ ಮುಟ್ಟದ ಕೈ

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಒಂದು ದೊಡ್ಡ ಸ್ಕೂಲಿನ ಇಂಟರ್‌ವ್ಯೂ ನನ್ನಿಂದ ಅರ್ಧ ಗಂಟೆ ನಿಂತುಹೋಯಿತು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಹಿಡಿದುಕೊಂಡು ನಗ್ತೀನಿ.

ಮೊಮ್ಮಗಳಿಗೆ ಎಲ್‌ಕೆಜಿ ಸೀಟು ಬೇಕಿತ್ತು. ಜೂನ್ ಒಂದಕ್ಕೆ ನಾಲ್ಕು ವರ್ಷ ತುಂಬಿರಬೇಕಂತೆ, ಇವಳಿಗೆ ಹನ್ನೆರಡು ದಿನ ಕಮ್ಮಿ. ಅಷ್ಟಕ್ಕೇ ಮನೆಯಲ್ಲಿ ಸೂತಕದ ಕಳೆ. ಮಗ ಟೈಲ್ಸ್ ಅಂಗಡಿ ಬಿಟ್ಟು ಯಾರ್ಯಾರ ಕೈಲೋ ಫೋನ್ ಮಾಡಿಸಿದ. "ಒಂದು ವರ್ಷ ವೇಸ್ಟ್ ಆಗುತ್ತಮ್ಮ" ಅಂದ. ಆ ಒಂದು ವರ್ಷದಲ್ಲಿ ಇವಳಿಗೆ ಅದ್ಯಾವ ಕೆಲಸ ಕೆಟ್ಟುಹೋಗ್ತಿತ್ತೋ! ಸೊಸೆ ಬ್ಯಾಂಕಿಂದ ಬಂದು ಚಪ್ಪಲಿ ಬಿಡೋಕೆ ಮುಂಚೆಯೇ ಹಣ್ಣು, ಬಣ್ಣ, ಪ್ರಾಣಿ ಅಂತ ಇಂಗ್ಲಿಷ್ ಪಾಠ ಶುರು. ಆನೆ ಚಿತ್ರ ನೋಡಿ ಮಗು ಆನೆ ಅಂದರೆ ತಪ್ಪು.

ನನಗೆ ಒಳಗೊಳಗೇ ಬೇರೆ ಆಸೆ. ಅವರಿಬ್ಬರೂ ಕೆಲಸಕ್ಕೆ ಹೋದಮೇಲೆ ಕೊಡಿಗೇಹಳ್ಳಿಯ ನಮ್ಮ ಹಳೇ ಜಗಲಿಗೆ ನಾನು, ಅವಳು ಇಬ್ಬರೇ ರಾಜರು. ಸೊಪ್ಪಿನ ಗಾಡಿಯವನ ಹತ್ತಿರ ಚೌಕಾಸಿ ಅವಳದೇ. ಅವರೆಕಾಯಿ ಸುಲಿಯೋಕೆ ಕೂತರೆ ಸಿಕ್ಕಿದ ಹುಳಕ್ಕೆಲ್ಲ ಹೆಸರಿಡ್ತಾಳೆ. ಇನ್ನೊಂದು ವರ್ಷ ಇವಳು ಮನೆಯಲ್ಲೇ ಇರಲಪ್ಪಾ ಅಂತ ದೇವರಿಗೆ ಹೇಳಿಕೊಂಡೆನೇ ಹೊರತು ಮಗನಿಗೆ ಹೇಳಲಿಲ್ಲ. ಮಗುವಿನ ಓದಿಗೆ ಅಡ್ಡ ಬಂದ ಮುದುಕಿ ಅನ್ನಿಸಿಕೊಳ್ಳೋದು ಯಾರಿಗೆ ಬೇಕು?

ಇಂಟರ್‌ವ್ಯೂ ದಿನ ಸಹಕಾರನಗರದ ಸ್ಕೂಲಿಗೆ ನಾನೂ ಹೋದೆ. ಸಾಲಾಗಿ ಕೂತಿದ್ದ ಅಪ್ಪ ಅಮ್ಮಂದಿರು ಆಪರೇಷನ್ ಆಗೋವಾಗ ಹೊರಗೆ ಕಾಯೋರ ಥರ ಇದ್ದರು. ಮಕ್ಕಳು ಕುರ್ಚಿ ಕೆಳಗೆ ತೂರಿಕೊಂಡು ಆಡ್ತಿದ್ದವು.

ಹೊತ್ತು ಹೋಗಲಿ ಅಂತ ಮೊಮ್ಮಗಳಿಗೆ ನಮ್ಮ ಕಾಲದ ಪರೀಕ್ಷೆ ಹೇಳಿಕೊಟ್ಟೆ. ಆಗ ಹುಟ್ಟಿದ ತಾರೀಕು ಯಾರಿಗೆ ಗೊತ್ತಿತ್ತು? ಮೇಷ್ಟ್ರು "ಬಲಗೈ ತಲೆ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟು" ಅನ್ನೋರು. ಮುಟ್ಟಿದರೆ ಆರು ವರ್ಷ ಆಯ್ತು, ಒಂದನೇ ಕ್ಲಾಸಿಗೆ ಬಾ. ಇಲ್ಲದಿದ್ದರೆ ಮನೆಗೆ ಹೋಗು. ನಾನು ಎರಡು ಸಲ ಮನೆಗೆ ಹೋದವಳು.

ಮೊಮ್ಮಗಳ ಕೈ ನೆತ್ತಿ ದಾಟಿ ನಿಂತುಬಿಡ್ತು. ಎದುರಿಗಿದ್ದ ಕನ್ನಡಕದವನು ಬಗ್ಗಿದ. "ಅಜ್ಜಿ, ಅದೇನು ಮಾಡಿಸ್ತಿದ್ದೀರ?"

"ಸ್ಕೂಲಿಗೆ ಸೇರಿಸ್ಕೊಳ್ಳೋಕೆ ಇದನ್ನೇ ನೋಡೋದು ಕಣಪ್ಪ" ಅಂದೆ. ನಮ್ಮ ಕಾಲದಲ್ಲಿ ಅಂತ ಸೇರಿಸೋದು ಮರೆತೇಹೋಯ್ತು.

ಅಷ್ಟೇ. ಅವನು ತನ್ನ ಪುಟ್ಟ ಮಗನ ತೋಳು ಹಿಡಿದು ತಲೆ ಮೇಲೆ ಎಳೆದ. ಅವನ ಹೆಂಡತಿ ಅಳುಮುಖ ಮಾಡಿ "ರೀ, ವೆಬ್‌ಸೈಟಲ್ಲಿ ಇದು ಇರಲೇ ಇಲ್ವಲ್ರೀ!" ಅಂದಳು. ಎರಡೇ ನಿಮಿಷ, ಇಡೀ ಸಾಲಿನ ಮಕ್ಕಳ ಕೈ ತಲೆ ಮೇಲೆ. "ಯೋಗ ಕ್ಲಾಸಿಗೆ ಹಾಕಿ ಅಂತ ಬಡ್ಕೊಂಡೆ" ಅಂತ ಒಬ್ಬಳು ಗಂಡನನ್ನು ಬೈದಳು. ನನ್ನ ಸೊಸೆಯೂ ಮಗಳ ಮೊಣಕೈ ಒತ್ತುತ್ತಾ, "ಏನತ್ತೆ, ಮನೇಲೇ ಹೇಳಬಾರದಿತ್ತಾ?" ಅಂದಳು. ಆರು ವರ್ಷದ ಪರೀಕ್ಷೆ ನಾಲ್ಕು ವರ್ಷದವಕ್ಕೆ ಎಲ್ಲಿ ಬರಬೇಕು? ಒಂದರ ಕೈಯೂ ಕಿವಿ ಮುಟ್ಟಲಿಲ್ಲ.

ಗಲಾಟೆ ಕೇಳಿ ದೊಡ್ಡ ಮೇಡಂ ಆಚೆ ಬಂದರು. "ಏನಿದು?"

"ನಮ್ಮಜ್ಜಿ ಪರೀಕ್ಷೆ!" ಅಂದಳು ಮೊಮ್ಮಗಳು. ಕಲಿಸಿದ ಗುಡ್ ಮಾರ್ನಿಂಗ್ ಎಲ್ಲಿ ಹೋಯ್ತೋ.

ವಿಷಯ ತಿಳಿದು ಮೇಡಂ ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕರು. ನಮ್ಮ ಫೈಲ್ ನೋಡಿದರು. ಮಗ, "ಮೇಡಂ, ಬರೀ ಹನ್ನೆರಡು ದಿನ" ಅಂತ ಶುರು ಮಾಡಿದ.

"ಅವಸರ ಏನು ಸರ್? ಮನೇಲೇ ಇಂಥ ಮೇಷ್ಟ್ರಿದ್ದಾರೆ. ಮುಂದಿನ ವರ್ಷ ಬನ್ನಿ."

ಕಾರಲ್ಲಿ ನಾನು ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದೆ. ಅತ್ತೆಗೆ ದುಃಖ ಆಗಿದೆ ಅಂದುಕೊಂಡು ಸೊಸೆ ನೀರಿನ ಬಾಟಲಿ ಕೊಟ್ಟಳು.

ಈಗ ದಿನಾ ಬೆಳಿಗ್ಗೆ ಜಗಲಿ ಮೇಲೆ ಮೊಮ್ಮಗಳು ಕೈ ಹಾಯಿಸಿ, "ಮುಟ್ತಾ ಅಜ್ಜಿ?" ಅಂತಾಳೆ. ನಿನ್ನೆ ತಲೆ ವಾಲಿಸಿ ಕಿವಿಯನ್ನೇ ಬೆರಳಿನ ಹತ್ತಿರ ತಂದುಬಿಟ್ಟಳು, ಕಳ್ಳಿ.

"ಅದು ಲೆಕ್ಕಕ್ಕಿಲ್ಲ" ಅಂದೆ. "ಇನ್ನೂ ಎರಡು ಬೆರಳು ಬಾಕಿ. ಬಾ, ಅವರೆಕಾಯಿ ಸುಲಿಯೋಣ."