ನಾನು ಎಳೆಯದೆ ಬಿಟ್ಟ ಹುಟ್ಟು

ಅಂದು ನಮ್ಮ ದೋಣಿ ಸೋತದ್ದು ನನ್ನಿಂದ. ನಂಜಪ್ಪಣ್ಣನಿಂದ ಅಲ್ಲ. ಕೊನೆಯ ಇನ್ನೂರು ಮೀಟರಿನಲ್ಲಿ ನಾನು ಹುಟ್ಟನ್ನು ನೀರಿಗೆ ಇಳಿಸುತ್ತಿದ್ದೆ, ಮೇಲೆತ್ತುತ್ತಿದ್ದೆ — ಎಳೆಯುತ್ತಿರಲಿಲ್ಲ. ಮೂರು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ತಪ್ಪು ನಂಜಪ್ಪಣ್ಣನ ತಲೆಗೆ ಬಂದಾಗಲೂ — ಆಗಲೂ ಹೇಳಲಿಲ್ಲ.

ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಲೇತ್ ಮುಂದೆ ನಿಂತವನು. ನಿವೃತ್ತಿಯಾದ ಮೇಲೆ ಎಲೆಕ್ಟ್ರಾನಿಕ್ ಸಿಟಿ ಕಡೆ ಮಗಳ ಮನೆಗೆ ಬಂದೆ. ಅತ್ತಿಬೆಲೆ ದಾರಿಯ ಕೆರೆಯೊಂದರಲ್ಲಿ ವಯಸ್ಸಾದವರೂ ದೋಣಿ ನಡೆಸುತ್ತಾರೆಂದು ಕೇಳಿ, ನೋಡಲು ಹೋದವನು ದೋಣಿಯೊಳಗೇ ಕೂತುಬಿಟ್ಟೆ. ಕಲಿಸಿದವರು ಸವಿತಾ ಮೇಡಂ. ಐವತ್ತು ದಾಟಿದವರು, ಐಟಿ ಕಂಪನಿಯಲ್ಲಿ ದೊಡ್ಡ ಕೆಲಸ, ಕಾಲೇಜಿನ ಕಾಲದಲ್ಲಿ ಇದರಲ್ಲೇ ಪದಕ ಗೆದ್ದವರು. ಬ್ಯಾಂಕಿನಿಂದ ನಿವೃತ್ತರಾಗಿದ್ದ ಜೋಸೆಫ್ ಸಕ್ಕರೆ ಕಾಯಿಲೆಗೆಂದು ಬರುತ್ತಿದ್ದರು. ನಂಜಪ್ಪಣ್ಣ ಕೆರೆಯ ಪಕ್ಕದ ಊರಿನವರೇ. ಹೊಲವಿದ್ದ ಜಾಗದಲ್ಲಿ ಬಾಡಿಗೆ ಮನೆಗಳೆದ್ದಿದ್ದವು; ಅರವತ್ತೇಳಾಗಿದ್ದರೂ ಭುಜ ಮಾತ್ರ ಹೊಲ ಉಳುತ್ತಿದ್ದ ಕಾಲದ್ದೇ. ಅವರಿಗೆ ಗೆಲುವು ಬೇಕಿರಲಿಲ್ಲ, ನೀರಿನ ಮೇಲಿದ್ದರೆ ಸಾಕಿತ್ತು. ಆದರೂ ನಾಲ್ಕು ಹುಟ್ಟು ಒಂದೇ ಸದ್ದಿನಲ್ಲಿ ನೀರಿಗೆ ಬಿದ್ದ ಮೊದಲ ದಿನ ನಮ್ಮ ನಾಲ್ವರ ಮುಖ ನೋಡಬೇಕಿತ್ತು. ಅಂಥ ಹೆಮ್ಮೆಯನ್ನು ನಾನು ಕಾರ್ಖಾನೆಯಲ್ಲಿ ಒಮ್ಮೆಯೂ ಕಂಡಿರಲಿಲ್ಲ.

ನಾವು ಸೋತದ್ದು ಐವತ್ತು ದಾಟಿದವರ ಸ್ಪರ್ಧೆಯಲ್ಲಿ. ಒಬ್ಬೊಬ್ಬರಿಗೂ ಒಂದೊಂದೇ ಹುಟ್ಟು — ಎಡಬದಿಗೆ ನಾನು ಮತ್ತು ನಂಜಪ್ಪಣ್ಣ, ಬಲಬದಿಗೆ ಉಳಿದಿಬ್ಬರು. ಕೊನೆಯ ಹಂತದವರೆಗೂ ನಾವೇ ಮುಂದಿದ್ದೆವು. ಆಗ ನನ್ನ ಎದೆ ಬಿಗಿಯಿತು. ಉಸಿರು ಸಿಗಲಿಲ್ಲ. ಸತ್ತೇಹೋಗುತ್ತೇನೆ ಅನ್ನಿಸಿತು. ನಿಲ್ಲಿಸಿ ಎಂದು ಕೂಗಬಹುದಿತ್ತು. ಕೂಗಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಆದರೆ ದಡದಲ್ಲಿ ಮಗಳು ನಿಂತಿದ್ದಳು, ಮೊಮ್ಮಗಳು ನಿಂತಿದ್ದಳು... ನಾನು ಎಳೆದಂತೆ ನಟಿಸಿದೆ. ದೋಣಿ ನಮ್ಮ ಬದಿಗೆ ತಿರುಗತೊಡಗಿತು. ಪಕ್ಕದ ದೋಣಿ ನಮ್ಮನ್ನು ದಾಟಿಹೋಯಿತು.

ಮರುದಿನ ಪರೀಕ್ಷೆ ಮಾಡಿದ ಡಾಕ್ಟರು ಹೃದಯಕ್ಕೆ ಏನೂ ಆಗಿಲ್ಲವೆಂದರು. ಅಂದರೆ — ಬರೀ ಭಯ.

ಸ್ಪರ್ಧೆಯ ದಿನ ದಡಕ್ಕೆ ಬಂದಾಗ ಸವಿತಾ ಮೇಡಂ ಕೇಳಿದ್ದು ಒಂದೇ ಮಾತು: "ಎಡಗಡೆ ಯಾರೋ ಎಳೀತಿರ್ಲಿಲ್ಲ. ಯಾರು?"

ನಾನು ಟವೆಲಿನಿಂದ ಮುಖ ಒರೆಸುತ್ತಲೇ ಇದ್ದೆ. ಒರೆಸುವುದಕ್ಕೆ ಬೆವರು ಉಳಿದಿರಲಿಲ್ಲ.

"ನಾನೇ ಇರ್ಬೇಕು ಮೇಡಂ," ಎಂದರು ನಂಜಪ್ಪಣ್ಣ. "ವಯಸ್ಸಾಯ್ತಲ್ಲ."

ಮುಂದಿನ ವಾರದಿಂದ ಅವರು ಸ್ಪರ್ಧೆಯ ದೋಣಿಗೆ ಹತ್ತಲಿಲ್ಲ. ಹೊಸದಾಗಿ ಬರುವ ಹಿರಿಯರನ್ನು ಅಗಲದ ದೋಣಿಯಲ್ಲಿ ಕೂರಿಸಿಕೊಂಡು ಕೆರೆ ಸುತ್ತಿಸತೊಡಗಿದರು. ಅವರ ಜಾಗಕ್ಕೆ ಬೇರೊಬ್ಬರು ಬಂದರು. ನಾವು ಎರಡು ಸಲ ಗೆದ್ದೆವು. ಆ ಪದಕಗಳನ್ನು ನಾನು ಮನೆಯ ಗೋಡೆಗೆ ನೇತುಹಾಕಿದೆ — ನಾಚಿಕೆಯಿಲ್ಲದೆ.

ಈ ವರ್ಷ ಒಂದು ಬೆಳಿಗ್ಗೆ ದೋಣಿಯನ್ನು ನೀರಿಗೆ ಇಳಿಸುವಾಗ ಒಂದು ತುದಿ ಹಿಡಿಯಲು ಅವರನ್ನು ಕರೆದೆ. ಅವರು ಹಿಂದೆ ಸರಿದರು. "ಬೇರೆ ಯಾರನ್ನಾದ್ರೂ ಕರೀರಿ. ನನ್ ತೋಳು ನಂಬಂಗಿಲ್ಲ," ಎಂದರು. ಯಾವ ಬೇಸರವೂ ಇಲ್ಲದೆ, ತೀರ ಸಹಜವಾಗಿ. ಮನೆಗೆ ಹೋದೆ, ಊಟಕ್ಕೆ ಕೂತವನು ತಟ್ಟೆ ಬಿಟ್ಟು ಎದ್ದೆ.

ಮರುದಿನ ಟೀ ಕುಡಿಯುವಾಗ ಮೂವರ ಮುಂದೆಯೂ ಹೇಳಿಬಿಟ್ಟೆ. ಜೋಸೆಫ್ ಬೇರೆ ಕಡೆ ನೋಡಿದರು. ನಂಜಪ್ಪಣ್ಣ ತಮ್ಮ ತೋಳನ್ನೇ ನೋಡಿಕೊಂಡರು.

"ಸೋತಿದ್ದು ಬುಡಿ ಮೂರ್ತಿಯೋರೆ. ಮೂರು ವರ್ಸದಿಂದ ನನ್ ತೋಳೇ ನನಗೆ ಮೋಸ ಮಾಡ್ತು ಅಂದ್ಕೊಂಡಿದ್ನಲ್ಲ..."

ಕ್ಷಮಿಸಿ ಎಂದೆ. ಅವರು ಅರ್ಧ ಉಳಿದ ಟೀ ಕೆಳಗಿಟ್ಟು ಮನೆಯ ದಾರಿ ಹಿಡಿದರು. ನಾನು ಅವರಿಂದ ಕಸಿದದ್ದು ಒಂದು ಗೆಲುವನ್ನು ಮಾತ್ರ ಎಂದುಕೊಂಡಿದ್ದೆ. ಅಷ್ಟೇ ಆಗಿದ್ದರೆ...

ನನ್ನ ಜಾಗವನ್ನು ಅವರಿಗೆ ಕೊಡಿ ಎಂದು ಸವಿತಾ ಮೇಡಂಗೆ ಹೇಳಿದೆ. ಅವರು ನನ್ನನ್ನು ನೆಟ್ಟಗೆ ನೋಡಿದರು. "ಅದು ನೀವು ಕೊಡೋದಲ್ಲ ಸಾರ್. ಅವರು ಎಳೆದು ತಗೊಳ್ತಾರೆ."

ಹಾಗೆಯೇ ಆಯಿತು. ಒಂದು ವಾರ ಬಿಟ್ಟು ನಂಜಪ್ಪಣ್ಣ ಬಂದರು. ಹುಟ್ಟು ಎಳೆಯುವ ಅಭ್ಯಾಸದ ಯಂತ್ರದ ಮೇಲೆ ಸವಿತಾ ಮೇಡಂ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ಕೂರಿಸಿ ಒಂದೇ ದೂರ ಎಳೆಸಿದರು. ಎಪ್ಪತ್ತು ತುಂಬಿದ ಆ ಮನುಷ್ಯ ಎಡಬದಿಯವರೆಲ್ಲರಿಗಿಂತ, ಅವರಿಗಿಂತ ಏಳು ವರ್ಷ ಚಿಕ್ಕವನಾದ ನನಗಿಂತಲೂ, ಬೇಗ ಮುಗಿಸಿ ಎದ್ದರು. ನನ್ನ ಜಾಗ ಅವರದಾಯಿತು.

ಕಳೆದ ತಿಂಗಳ ಸ್ಪರ್ಧೆಯಲ್ಲಿ ಆ ನಾಲ್ವರು ಎರಡನೆಯವರಾಗಿ ಬಂದರು. ನಾನು ದಡದಲ್ಲಿ ಅವರ ಚಪ್ಪಲಿ, ನೀರಿನ ಬಾಟಲಿ ಕಾಯುತ್ತ ನಿಂತಿದ್ದೆ. ಕೊನೆಯ ಗೆರೆ ದಾಟುವವರೆಗೂ ನಂಜಪ್ಪಣ್ಣನ ಬೆನ್ನು ಒಮ್ಮೆಯೂ ಸಡಿಲವಾಗಲಿಲ್ಲ. ನನ್ನ ಜೊತೆ ಅವರಿಗೆ ಈಗಲೂ ಹೆಚ್ಚು ಮಾತಿಲ್ಲ, ಇರಬೇಕೆಂದು ಕೇಳುವ ಮುಖವೂ ನನಗಿಲ್ಲ. ಆ ಮೂರು ವರ್ಷವನ್ನು ನಾನು ಹಿಂದಿರುಗಿಸಲಾರೆ. ದೋಣಿ ಬಂದಾಗ ಮೊಣಕಾಲುದ್ದ ನೀರಿಗಿಳಿದು ಅದನ್ನು ಹಿಡಿದು ನಿಲ್ಲಿಸಿದೆ. ಅವರು ನನ್ನ ಹೆಗಲ ಮೇಲೆ ಕೈಯೂರಿ ಇಳಿದರು, ದಡ ಹತ್ತಿದರು. ಅವರ ಬಗ್ಗೆ ಹೆಮ್ಮೆಪಡುವ ಹಕ್ಕು ನನಗಿದೆಯೋ ಇಲ್ಲವೋ — ತಿಳಿಯದು.

ಆದರೂ ಹೆಮ್ಮೆಪಟ್ಟೆ.