ಕೇಬಲ್ ದೇವಣ್ಣ

ಉಪ್ಪುಂದದ ಹೆಂಗಸರಿಗೆ ಸೀರಿಯಲ್ ಎಂದರೆ ಟಿವಿ, ಮೀನುಗಾರ ಗಂಡಸರಿಗೆ ಕೇಬಲ್ ದೇವಣ್ಣ. ಬೋಟಿನ ಜಿಪಿಎಸ್ಸನ್ನು ಸೀರಿಯಲ್ ಕೇಬಲ್ಲಿನಲ್ಲಿ ಕಂಪ್ಯೂಟರಿಗೆ ಜೋಡಿಸುವುದು ಅವನ ಕಸುಬು. ಮೊದಲು ಪಿನ್ನುಗಳಿಗೆ ಊದುತ್ತಾನೆ, ಮದುವೆ ದಲ್ಲಾಳಿಯಂತೆ ಎರಡೂ ಯಂತ್ರಗಳು ಅಂಕಿ ಕಳಿಸುವ ವೇಗ ತಾಳೆ ನೋಡುತ್ತಾನೆ, ಆಗಲೂ ಆಗದಿದ್ದರೆ ಒಂದರ ಬಾಯಿ ಇನ್ನೊಂದರ ಕಿವಿಗೆ ಸೇರುವಂತೆ ತಂತಿ ಅದಲುಬದಲು ಮಾಡಿ, "ಇಬ್ರೂ ಮಾತಾಡುಕ್ ಹೊರ್ಟ್ರೆ ಕೇಂಬುದ್ ಯಾರ್ ಮರ್ರೆ?" ಎನ್ನುತ್ತಾನೆ. ಮೊನ್ನೆ ಬೋಟು ನಡೆಸುವ ಮುತ್ತು ತಾಂಡೇಲರ ಹಳೆಯ ಜಿಪಿಎಸ್ ಕೊನೆಯುಸಿರು ಎಳೆಯುತ್ತಿತ್ತು. ಅವರು ಜೀವಮಾನವಿಡೀ ಹುಡುಕಿ, ಹೆಂಡತಿಗೂ ಹೇಳದೆ ಇಟ್ಟ ಮೀನಿನ ಜಾಗಗಳೆಲ್ಲ ಅದರೊಳಗೆ. "ಹ್ವಾಯ್ ದೇವು, ಅದ್ ಹೋದ್ರೆ ನಾನ್ ಕಡ್ಲಂಗೆ ಕುರ್ಡ!" ಎಂದು ಗೋಳಾಡಿದರು. ದೇವಣ್ಣ ಊದಿದ, ತಾಳೆ ನೋಡಿದ, ತಂತಿ ಬದಲಿಸಿದ. ಪರದೆಯ ಮೇಲೆ ಅಂಕಿಗಳು ಬುಳುಬುಳು ಇಳಿಯತೊಡಗಿದವು. "ಬಂತ್! ಬಂತ್!" ಎಂದು ಅಂಗಡಿ ಹಾರುವಂತೆ ಕೂಗಿದವನೇ ಕುರ್ಚಿ ತಿರುಗಿಸಿ ಗೋಡೆಗೆ ಮುಖ ಮಾಡಿದ. ಯಾರ ಜಾಗ ಬರುವಾಗಲೂ ಅವನದು ಇದೇ ಕ್ರಮ. "ಎಂತಕ್ಕಾ ಗೋಡೆ ಕಾಂಬುದ್?" ಎಂದರು ತಾಂಡೇಲರು. "ನಿಮ್ಮ್ ಜಾಗ ಕಂಡ್ರೆ ನಾಳೆ ನಿಮ್ಮ್ ಮುಖ ಕಾಂಬುಕ್ ಆತ್ತಾ?" ಒಂದೂ ಬಿಡದೆ ಎಲ್ಲ ಜಾಗಗಳೂ ಬಂದವು, ತಾಂಡೇಲರು ಅವನ್ನು ತುಂಬಿಸಿದ ಫ್ಲಾಪಿಯನ್ನು ಎದೆಗೊತ್ತಿಕೊಂಡು ಮೆರವಣಿಗೆಯಂತೆ ಹೊರಟರು. ದೇವಣ್ಣನ ಸ್ವಂತ ಅಣ್ಣನಿಗೂ ಬೋಟಿದೆ. ಮೀನಿಲ್ಲದೆ ಮರಳಿದ ದಿನ, "ಊರಿನ ಜಾಗವೆಲ್ಲ ನಿನ್ನ ಬೆನ್ನ್ ಹಿಂದೆ, ಒಂದಾರೂ ತಿರ್ಗಿ ಕಾಂಬುಕ್ ಆಯ್ಲಿಲ್ಯಾ?" ಎಂದು ತಮ್ಮನನ್ನು ಬೈಯುತ್ತಾನೆ; ಆದರೆ ತನ್ನ ಜಿಪಿಎಸ್ ಕೆಟ್ಟಾಗ ಆ ತಮ್ಮನ ಹತ್ತಿರವೇ ತರುತ್ತಾನೆ.