ಚಿತ್ತಮ್ಮ ಕಾರು ನೋಡಿದ್ದು

ಚಿತ್ತಮ್ಮನ ಮೇಲೆ ನನಗೆ ಮೊದಲ ದಿನವೇ ಸಿಟ್ಟು ಬಂದಿತ್ತು. ಹಿರಿಯೂರಿನ ಹೈವೇ ಪಕ್ಕದಲ್ಲಿ ಹದಿನೆಂಟು ವರ್ಷದಿಂದ ಹಳೆ ಕಾರು ಮಾರುತ್ತಿದ್ದೇನೆ. ಬಂದವರು ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ಸೀಟು, ಆಮೇಲೆ ಹಾಡು ಎಷ್ಟು ಜೋರಾಗಿ ಕೇಳುತ್ತದೆ ಅಂತ. ಈಕೆ ಬಂದವಳೇ ಬಾನೆಟ್ ಮೇಲೆ ಅಂಗೈ ಇಟ್ಟಳು.

"ಇದ್ಯಾಕಪ್ಪ ಬಿಸಿ ಐತೆ?"

"ಬಿಸಿಲಿಗೆ ನಿಂತೈತಲ್ಲಮ್ಮ," ಎಂದೆ.

"ಪಕ್ಕದ್ದೂ ಬಿಸಿಲಾಗೇ ನಿಂತೈತೆ. ಅದು ತಣ್ಣಗೈತಲ್ಲ."

ಹತ್ತು ಗಂಟೆಗೆ ಬರುತ್ತೇವೆಂದು ಆಕೆಯ ಮಗಳು ರಂಜಿತಾ ಫೋನ್ ಮಾಡಿ ಹೇಳಿದ್ದಳು. ನಾನು ಒಂಬತ್ತೂವರೆಗೇ ಆ ಬೆಳ್ಳಿ ಬಣ್ಣದ ಡೀಸೆಲ್ ಕಾರನ್ನು ತಳ್ಳಿಸಿ ಸ್ಟಾರ್ಟ್ ಮಾಡಿ, ಕಾಲು ಗಂಟೆ ಓಡಿಸಿ ನಿಲ್ಲಿಸಿದ್ದೆ. ಅದರ ಹೀಟರ್ ಪ್ಲಗ್ ಸತ್ತಿತ್ತು. ತಣ್ಣಗಿದ್ದರೆ ಏಳುವುದಿಲ್ಲ, ಒಮ್ಮೆ ಬಿಸಿಯಾಯಿತೆಂದರೆ ದಿನವಿಡೀ ಓಡುತ್ತದೆ. ನಮ್ಮ ದಂಧೆಯಲ್ಲಿ ಇದನ್ನು ಯಾರೂ ಮೋಸ ಅನ್ನುವುದಿಲ್ಲ. ನಾನೂ ಹಾಗೆ ಅಂದುಕೊಂಡವನಲ್ಲ.

ಚಿತ್ತಮ್ಮ ಧರ್ಮಪುರದಾಚೆಯ ಒಂದು ಹಟ್ಟಿಯವಳು. ಐವತ್ತೆರಡು ವರ್ಷ. ಗಂಡ ಎತ್ತಪ್ಪನ ಜೊತೆ ಕುರಿ ಹೊಡೆದುಕೊಂಡು ಪ್ರತಿ ಬೇಸಿಗೆಗೂ ಭದ್ರಾ ಕಾಲುವೆಯ ಗದ್ದೆಗಳವರೆಗೆ ನಡೆದವಳು. ಓದು ಬರಹವಿಲ್ಲ. ಇನ್ನೂರು ಕುರಿಗಳಲ್ಲಿ ಒಂದು ತಪ್ಪಿಸಿಕೊಂಡರೂ ಎಣಿಸದೆಯೇ, ಇಂಥದ್ದು ಇಲ್ಲ ಎಂದು ಹೇಳುತ್ತಿದ್ದಳಂತೆ. ಮಗಳನ್ನು ಮಾತ್ರ ಹಟ ಹಿಡಿದು ಓದಿಸಿದಳು. ರಂಜಿತಾ ಈಗ ಅಂಗನವಾಡಿ ಟೀಚರ್, ಡ್ರೈವಿಂಗ್ ಲೈಸೆನ್ಸೂ ತೆಗೆಸಿದ್ದಾಳೆ. ಎರಡು ವರ್ಷದ ಹಿಂದೆ ಎತ್ತಪ್ಪನ ಎರಡೂ ಕಿಡ್ನಿ ಕೈಕೊಟ್ಟವು.

"ವಾರಕ್ಕೆ ಎರಡು ಸಲ ದುರ್ಗಕ್ಕೆ ಕರ್ಕಂಡು ಹೋಗ್ಬೇಕು ಕಣಪ್ಪ, ಡಯಾಲಿಸಿಸ್‌ಗೆ," ಎಂದಳು. "ಬೆಳಿಗ್ಗೆ ಏಳಕ್ಕೆ ನಮ್ಮ ಪಾಳಿ. ಮೊದಲ್ನೇ ಬಸ್ಸು ಹಿಡಿದ್ರೂ ಒಂಬತ್ತೂವರೆ ಆಗ್ತೈತೆ. ಇಪ್ಪತ್ತೈದು ಟಗರು ಮಾರಿದೀನಿ. ಅಷ್ಟ್ರಾಗೆ ನಿಲ್ದೆ ಓಡೋ ಗಾಡಿ ಬೇಕು. ಬಣ್ಣ ಗಿಣ್ಣ ಏನಾರ ಇರ್ಲಿ."

"ಇದೇ ತಗಳ್ರಿ ಅಮ್ಮ, ಕಣ್ಣು ಮುಚ್ಕಂಡು ತಗಳ್ರಿ," ಎಂದು ಬೆಳ್ಳಿ ಬಣ್ಣದ್ದನ್ನು ತೋರಿಸಿದೆ.

"ಕಣ್ಣು ಯಾಕಪ್ಪ ಮುಚ್ಚಾಣ?" ಎಂದು ಮಗಳನ್ನು ಕರೆದುಕೊಂಡು ಹೋಗಿಬಿಟ್ಟಳು. ಪೀಡೆ ತೊಲಗಿತು ಎಂದುಕೊಂಡೆ.

ಎಲ್ಲಿ ತೊಲಗುತ್ತದೆ! ಮರುದಿನ ಬೆಳಿಗ್ಗೆ ಐದೂವರೆಗೆ ಗೇಟು ಬಡಿದ ಸದ್ದಾಯಿತು. ಜನವರಿಯ ಚಳಿ. ನನ್ನ ಮನೆ ಕಾರುಗಳ ಹಿಂದೆಯೇ ಇದೆ. ಮಫ್ಲರ್ ಸುತ್ತಿಕೊಂಡು ಬಂದರೆ ತಾಯಿ ಮಗಳು ನಿಂತಿದ್ದಾರೆ. ಊರಿಗೆ ಹೋಗದೆ ಹಿರಿಯೂರಿನಲ್ಲೇ ನೆಂಟರ ಮನೆಯಲ್ಲಿ ಉಳಿದಿದ್ದರಂತೆ.

"ಈಗ ಸ್ಟಾರ್ಟ್ ಮಾಡಪ್ಪ ನಿನ್ನ ಗಾಡೀನ."

ಮಾಡಿದೆ. ಗರ್ರ್ ಎಂದಿತು, ಸುಮ್ಮನಾಯಿತು. ಇನ್ನೊಂದು ಸಲ. ಐದನೇ ಸಲಕ್ಕೆ ಬ್ಯಾಟರಿಯೂ ಕುಸಿಯಿತು. ಆಕೆ ನಗಲಿಲ್ಲ, ಬೈಯಲೂ ಇಲ್ಲ.

"ಸಂತೇಲಿ ಕುರಿ ಮಾರೋರು ಬೆಳಿಗ್ಗೇನೆ ಉಪ್ಪು ತಿನ್ಸಿ ಹೊಟ್ಟೆ ತುಂಬ ನೀರು ಕುಡುಸ್ತಾರೆ," ಎಂದಳು. "ಮರಿ ಗುಂಡುಗುಂಡುಗೆ ಕಾಣ್ತೈತೆ. ಅದ್ಕೇ ನಾವು ಸಂತೇಲಿ ತಗಳಲ್ಲ. ಕುರಿ ಕೂಡಾಕೋ ರೊಪ್ಪದಿಂದ ಮೇಯಾಕೆ ಬಿಡೋಕೆ ಮುಂಚೆ ಹೋಗಿ ಖಾಲಿ ಹೊಟ್ಟೇಲಿ ನೋಡ್ತೀವಿ. ನೀನು ನಿನ್ನೆ ಇದ್ಕೆ ಉಪ್ಪು ತಿನ್ಸಿದ್ದೆ."

ಹದಿನೆಂಟು ವರ್ಷದಲ್ಲಿ ನನಗೆ ಯಾರೂ ಹೀಗೆ ಮುಖಕ್ಕೆ ಹೊಡೆದ ಹಾಗೆ ಹೇಳಿರಲಿಲ್ಲ. ಬೇರೆ ಬ್ಯಾಟರಿ ತಂದು, ಅವಳು ಹೇಳಿದ ಹಾಗೆ ಉಳಿದ ಏಳೂ ಕಾರುಗಳನ್ನು ಆ ಚಳಿಯಲ್ಲೇ ಸ್ಟಾರ್ಟ್ ಮಾಡಿದೆ. ಮೂಲೆಯಲ್ಲಿದ್ದ ಬಿಳಿ ಪೆಟ್ರೋಲ್ ಕಾರು ಮೊದಲ ಸಲಕ್ಕೇ ಎದ್ದಿತು. ಬಂಪರ್ ಸೊಟ್ಟ, ಬಾಗಿಲ ಮೇಲೆ ಉದ್ದಕ್ಕೂ ಗೀರು. ರಂಜಿತಾ ಮುಖ ಸಿಂಡರಿಸಿದಳು.

"ಯಾವ ಹಟ್ಟೀದು ಇದು?" ಎಂದು ಚಿತ್ತಮ್ಮ ಕೇಳಿದಳು. ಅಂದರೆ ಮುಂಚೆ ಯಾರದ್ದು ಅಂತ.

"ಹೊಸದುರ್ಗದ ಅನುಸೂಯ ಅಂತ, ರಿಟೈರ್ಡ್ ಮೇಡಂ. ಫೋನ್ ಹಚ್ಚಿ ಕೊಡ್ತೀನಿ, ಮಾತಾಡ್ರಿ."

"ಫೋನಾಗೆ ಏನ್ ಕಾಣ್ತೈತೆ? ಮರಿ ತರಬೇಕಾದ್ರೆ ಅದು ಹುಟ್ಟಿದ ರೊಪ್ಪ ನೋಡ್ಬೇಕು," ಎಂದವಳೇ ವಿಳಾಸ ಬರೆಸಿಕೊಂಡು ಮಗಳ ಜೊತೆ ಹೊಸದುರ್ಗದ ಬಸ್ಸು ಹತ್ತಿದಳು.

ಸಂಜೆ ನಾಲ್ಕಕ್ಕೆ ಬಂದಳು. ಬಂದವಳು ಕುರ್ಚಿಯಲ್ಲೂ ಕೂರಲಿಲ್ಲ.

"ಮೇಡಮ್ಮು ಒಳ್ಳೇರು. ಗಾಡಿನ ಮನೆಮಗಳ ಹಂಗೆ ನೋಡ್ಕಂಡವ್ರೆ. ಆದ್ರೆ ದೂರ ಹೋದ್ರೆ ರೇಡಿಯೇಟರ್ ಸೋರ್ತೈತಂತೆ. ನಿನಗೂ ಹೇಳಿದಾರಂತೆ. ಹೌದೇನಪ್ಪ ಮಾರುತೇಶಪ್ಪ?"

ಹೇಳಿದ್ದರು. ನಾನು ಸೋರಿಕೆ ಮುಚ್ಚುವ ಪುಡಿ ಹಾಕಿ ನಿಲ್ಲಿಸಿದ್ದೆ. ತಿಂಗಳೆರಡು ತಿಂಗಳು ತಡೆಯುತ್ತದೆ, ಅಷ್ಟರಲ್ಲಿ ಕಾರು ನನ್ನದಲ್ಲ. ಸಿಕ್ಕಿಬಿದ್ದವನಿಗೆ ಬರುವ ಸಿಟ್ಟೇ ಬೇರೆ.

"ಹಂಗಾರೆ ಶೋರೂಮಿಗೆ ಹೋಗಿ ಹೊಸದೇ ತಗಳ್ರಿ!" ಎಂದು ಕೂಗಾಡಿದೆ. "ಹಳೆ ಗಾಡಿ ಅಂದ್ಮೇಲೆ ಒಂದಲ್ಲ ಒಂದು ಇದ್ದೇ ಇರ್ತೈತೆ. ನಿಂತ್ರೆ ಸ್ವಲ್ಪ ನೀರು ಹಾಕ್ಕಂಡು ಹೋಗದಪ್ಪ. ಏನು ಪ್ರಾಣ ಹೋಗ್ತೈತಾ?"

ಮಾತಾಡಿದ್ದು ರಂಜಿತಾ.

"ಹೋಗ್ತಿತ್ತು ಅಣ್ಣ. ದೀಪಾವಳಿ ಮುಂದೆ ಬಾಡಿಗೆ ಗಾಡಿ ಐಮಂಗಲದ ಹತ್ರ ನಿಂತೋಯ್ತು. ಎರಡು ಗಂಟೆ ರೋಡಾಗೆ ಕುಂತಿದ್ವಿ. ಹೋಗೋ ಹೊತ್ಗೆ ನಮ್ಮ ಪಾಳಿ ಬೇರೇರಿಗೆ ಕೊಟ್ಟಿದ್ರು. ಸಾಯಂಕಾಲಕ್ಕೆ ಅಪ್ಪನಿಗೆ ಮೈಯೆಲ್ಲ ಬಾತು ಉಸಿರೇ ಸಿಗ್ತಿರ್ಲಿಲ್ಲ. ಅಮ್ಮ ಬೆನ್ನು ಕೊಟ್ಟು ಕೂರಿಸ್ಕಂಡು ಮೂರು ದಿನ ಆಸ್ಪತ್ರೇಲಿ ಕಾದಳು."

"ಅದನ್ನೆಲ್ಲ ಯಾಕೆ ಹೇಳ್ತೀಯ ಬಿಡು," ಎಂದಳು ಚಿತ್ತಮ್ಮ.

ನನಗೆ ನಾಚಿಕೆಯಾಯಿತು. ಸುಮ್ಮನೆ ಬಾಯಿಮಾತಿಗೆ ಹೇಳುತ್ತಿಲ್ಲ, ಕಿವಿ ಬಿಸಿಯಾಗುವಷ್ಟು ನಾಚಿಕೆಯಾಯಿತು. ನೀರು ಕುಡಿಯಿರಿ ಎಂದೆ, ಆಕೆ ಕುಡಿಯಲಿಲ್ಲ. ಹೊಸ ರೇಡಿಯೇಟರ್ ಹಾಕಿಸಿಕೊಡುತ್ತೇನೆ, ಬೆಲ್ಟು, ಹೋಸ್‌ಪೈಪು, ಬ್ಯಾಟರಿಯೂ ಹೊಸದು, ಮೇಲೆ ಒಂದು ಪೈಸೆ ಬೇಡ ಎಂದೆ.

"ಹಾಕ್ಸು. ಸೋಮವಾರ ದುರ್ಗಕ್ಕೆ ನೀನೂ ಬಾ."

"ನಾನ್ಯಾಕಮ್ಮ?"

"ನಿಂತ್ರೆ ಅವರನ್ನ ಎತ್ಕಂಡು ಹೋಗೋಕೆ ಒಬ್ಬ ಗಂಡಸು ಬೇಕಲ್ಲ. ಇಲ್ದಿದ್ರೆ ಗಾಡಿ ಬೇಡ."

ಇಂಥ ಷರತ್ತು ಹಾಕಿದವರನ್ನು ನಾನು ಕಂಡಿಲ್ಲ, ಒಪ್ಪಿಕೊಂಡ ನನ್ನಂಥ ಮುಠ್ಠಾಳನನ್ನೂ ಕಂಡಿಲ್ಲ. ಹೊಸ ರೇಡಿಯೇಟರ್ ಹಾಕಿಸಿದ ಮೇಲೆ ರಂಜಿತಾ ಕಾರನ್ನು ಹಟ್ಟಿಗೆ ಒಯ್ದಿದ್ದಳು. ಸೋಮವಾರ ಬೆಳಗಿನ ಜಾವ ಅವರು ಅದರಲ್ಲೇ ಹಟ್ಟಿಯಿಂದ ಹೊರಟು ಹಿರಿಯೂರಿಗೆ ಬರುವ ಹೊತ್ತಿಗೆ ಗೇಟಿನಲ್ಲೇ ಕಾದಿದ್ದು ಹತ್ತಿಕೊಂಡೆ. ರಂಜಿತಾ ಸ್ಟೇರಿಂಗ್ ಹಿಡಿದಿದ್ದಳು, ಪಕ್ಕದಲ್ಲಿ ಚಿತ್ತಮ್ಮ. ನಾನು ಹಿಂದೆ, ಎತ್ತಪ್ಪನ ಪಕ್ಕ. ಎತ್ತರದ ಆಳು, ಆದರೆ ಕಂಬಳಿಯೊಳಗೆ ಏನೂ ಉಳಿದಿರಲಿಲ್ಲ. ಪಾದಗಳು ಊದಿಕೊಂಡು ಚಪ್ಪಲಿಗೆ ಹಿಡಿಸದೆ, ಚಪ್ಪಲಿ ಕೈಯಲ್ಲಿತ್ತು.

"ನೀನೇನಪ್ಪ ಗಾಡಿ ಕೊಟ್ಟೋನು?" ಎಂದ. "ನಮ್ಮಾಕೆ ಬಾಳ ಕಾಡಿದ್ಲೇನೋ."

"ಕಾಡಿದ್ರು," ಎಂದೆ. ಆತ ನಕ್ಕ, ನಕ್ಕಿದ್ದಕ್ಕೇ ಉಸಿರು ಕಟ್ಟಿತು.

ನನ್ನ ಕೈಯಿಂದ ಸಾವಿರಾರು ಕಾರು ದಾಟಿವೆ. ಒಂದು ಕಾರಿನ ಸದ್ದನ್ನು ಹಾಗೆ ಕಿವಿಗೊಟ್ಟು ಕೇಳಿದ್ದು ಅವತ್ತೇ. ಐಮಂಗಲ ದಾಟುವಾಗ ಡ್ಯಾಶ್‌ಬೋರ್ಡಿನ ಬಿಸಿಯ ಮುಳ್ಳನ್ನೇ ನೋಡುತ್ತಿದ್ದೆ. ನಿಲ್ಲಬೇಡ ಕಣವ್ವ, ಇವತ್ತೊಂದು ದಿನ ಮರ್ಯಾದೆ ಉಳಿಸು ಎಂದು ಕಾರನ್ನು ಬೇಡಿಕೊಂಡೆ. ಮುಳ್ಳು ಅಲ್ಲಾಡಲಿಲ್ಲ. ಎತ್ತಪ್ಪ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದ.

ಆರು ಐವತ್ತಕ್ಕೆ ಆಸ್ಪತ್ರೆಯಲ್ಲಿದ್ದೆವು. ಎತ್ತಪ್ಪನನ್ನು ಒಳಗೆ ಕರೆದುಕೊಂಡು ಹೋಗಿ ಮಲಗಿಸಿ, ತೋಳಿಗೆ ಸೂಜಿ ಹಾಕಿ ಬಾಗಿಲು ಹಾಕಿದರು. ಚಿತ್ತಮ್ಮ ಹೊರಗಿನ ಬೆಂಚಿನ ಮೇಲೆ ಕುಳಿತಳು. ನನಗೆ ಎದೆಯ ಭಾರ ಇಳಿದಿತ್ತು, ಬಾಯಿ ತಾನಾಗಿ ವ್ಯಾಪಾರದ ಮಾತಿಗೆ ತಿರುಗಿತು.

"ನೋಡಿದ್ರಲ್ಲಮ್ಮ! ಇನ್ನು ಐದು ವರ್ಷ ಈ ಗಾಡೀದು ನಿಮಗೆ ಚಿಂತೆ ಇಲ್ಲ."

"ಐದು ಸಾಲಲ್ಲ," ಎಂದಳು. "ಡಾಕ್ಟ್ರು ಅವರಿಗೂ ಐದೇ ಅಂದವ್ರೆ. ನಾನು ಹತ್ತು ಅಂದ್ಕಂಡೀನಿ. ಹತ್ತು ವರ್ಷ ಓಡಂಗೆ ಏನೇನು ಮಾಡ್ಬೇಕು, ಅದನ್ನ ಹೇಳು."

ರಂಜಿತಾಳ ಕೈಯಿಂದ ಕೀ ಇಸಿದುಕೊಂಡು ಹೊರಗೆ ಹೋಗಿ ಬಾನೆಟ್ ಎತ್ತಿದೆ. ಚಿತ್ತಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಪಕ್ಕದಲ್ಲಿ ನಿಂತಳು. ಆಯಿಲ್ ಎಲ್ಲಿ ನೋಡಬೇಕು ಎನ್ನುವುದರಿಂದ ಶುರು ಮಾಡಿದೆ.